ಲೆಕ್ಕವಿಲ್ಲದ ನೋವು

ಮಂಡಿನೋವು, ಸೊಂಟನೋವು ಅಂತ ನನ್ನ ಹತ್ತಿರ ಯಾರೂ ಬರುವುದಿಲ್ಲ. ಅದಕ್ಕೆ ಮೂಳೆ ಡಾಕ್ಟರ್ ಇದ್ದಾರೆ, ನಾನು ಆಪ್ತಸಲಹೆಗಾರ್ತಿ. ನನ್ನ ಹತ್ತಿರ ಬರುವುದು "ಅಮ್ಮ ಯಾಕೋ ಮಂಕಾಗಿದ್ದಾರೆ", "ಅಪ್ಪ ಎಲ್ಲದಕ್ಕೂ ಸಿಡುಕುತ್ತಾರೆ" ಎನ್ನುವ ಮಕ್ಕಳು. ಸ್ವಲ್ಪ ಕೆದಕಿದರೆ ಕೆಳಗೆ ಸವೆದ ಮಂಡಿ ಸಿಗುತ್ತದೆ. ಇಂಥದ್ದು ಎಷ್ಟೋ ನೋಡಿದ್ದೇನೆ. ಆದರೂ ಈ ಒಂದನ್ನು ಬರೆಯುತ್ತಿರುವುದಕ್ಕೆ ಕಾರಣ, ಮೊದಲ ಭೇಟಿಯಲ್ಲಿ ನಾನೇ ತಪ್ಪು ಮಾಡಿದ್ದು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಸಾಗರದ ಕಡೆಯ ಅಡಿಕೆ ತೋಟದ ಮನೆಯವರು. ವಯಸ್ಸು 71. ಗಂಡ ಹೋದ ಮೇಲೆ ಬೆಂಗಳೂರಿನ ಫ್ಲಾಟಿಗೆ, ಮಗನ ಮನೆಗೆ ಬಂದರು. ಎರಡೂ ಮಂಡಿ ಸವೆದಿವೆ, ಸೊಂಟದಲ್ಲೂ ನೋವು. ನೆಲದ ಮೇಲೆ ಕೂರಬೇಡಿ, ಮೆಟ್ಟಿಲು ಕಡಿಮೆ ಮಾಡಿ ಎಂದು ಡಾಕ್ಟರ್ ಹೇಳಿದ್ದರು. ಮನೆಯವರಿಗೆ ಕೇಳಿಸಿದ್ದು "ಏನೂ ಮಾಡಿಸಬೇಡಿ" ಎಂದು. ಊರಿಂದ ತಂದಿದ್ದ ಮೆಟ್ಟುಗತ್ತಿ (ನೆಲದ ಮೇಲೆ ಕೂತು ಬಳಸುವ ಈಳಿಗೆಮಣೆ) ಅಟ್ಟಕ್ಕೆ ಹೋಯಿತು. ಅಮ್ಮ ಸೋಫಾಕ್ಕೆ ಬಂದರು.

ಮೊದಲ ಭೇಟಿಯಲ್ಲಿ ನಾನು ಪಾಠ ಮಾಡಿದೆ. ವಯಸ್ಸಿನ ಜೊತೆ ನೋವು ಬರುತ್ತೆ, ಒಪ್ಪಿಕೊಳ್ಳಿ, ಹೀಗೆ ಉಸಿರಾಡಿ. "ಆಯ್ತು ತಂಗಿ" ಎಂದು ಎದ್ದುಹೋದವರು ಆರು ವಾರ ಬರಲಿಲ್ಲ.

ಮತ್ತೆ ಮಗ ಕರೆತಂದಾಗ ನಾನು ಪ್ರಶ್ನಾವಳಿ ಹಿಡಿದು ಕೂತೆ. ವಯಸ್ಸಾದವರ ಖಿನ್ನತೆ ಅಳೆಯಲು 15 ಪ್ರಶ್ನೆಗಳದ್ದೊಂದು ಇದೆ, ಎಲ್ಲದಕ್ಕೂ ಹೌದು ಅಥವಾ ಇಲ್ಲ ಎಂದರೆ ಸಾಕು. "ಮೊದಲು ಮಾಡುತ್ತಿದ್ದ ಕೆಲಸ, ಆಸಕ್ತಿಗಳನ್ನು ಬಿಟ್ಟಿದ್ದೀರಾ?" ಎಂದು ಕೇಳಿದೆ.

"ಬಿಟ್ಟಿಲ್ಲ ತಂಗಿ. ಬಿಡಿಸಿದ್ದಾರೆ. ಅದಕ್ಕೆ ನಿಮ್ಮ ಹಾಳೇಲಿ ಜಾಗ ಇದ್ಯಾ?"

ಇರಲಿಲ್ಲ. ಪೆನ್ನು ಕೆಳಗಿಟ್ಟೆ. ಆಗ ಅವರ ಕೈ ಕಂಡಿತು. ಎಡಗೈ ಹೆಬ್ಬೆರಳಿನ ತುದಿಯಲ್ಲಿ ಕತ್ತಿ ತಾಗಿ ಒಣಗಿದ ಹಳೇ ಗೆರೆಗಳು, ಒಂದರ ಮೇಲೊಂದು. ಅಡಿಕೆ ಸುಲಿಯುವ ಕಾಲದ್ದಾ ಎಂದು ಕೇಳಿದ್ದೇ ತಡ, ಮಡಿಲಲ್ಲೇ ಕೈ ಓಡಿತು. ಕಾಯಿ ಎತ್ತಿಕೊಂಡು ಕತ್ತಿಗೆ ಒತ್ತಿ, ತಿರುಗಿಸಿ, ಸಿಪ್ಪೆ ಆ ಕಡೆ, ಅಡಿಕೆ ಈ ಕಡೆ. ಎದುರಿಗೆ ಕತ್ತಿಯೂ ಇಲ್ಲ, ಕಾಯಿಯೂ ಇಲ್ಲ.

"ಮಧ್ಯರಾತ್ರಿವರೆಗೂ ಸುಲೀತಿದ್ವಿ. ಆಚೆಮನೆ ಈಚೆಮನೆಯವರೆಲ್ಲ ಸೇರ್ತಿದ್ರು. ಸೊಂಟ ಆಗಲೂ ನೋಯ್ತಿತ್ತು. ಆದ್ರೆ ಅದಕ್ಕೊಂದು ಲೆಕ್ಕ ಇತ್ತು. ಇಷ್ಟು ಡಬ್ಬ ಅಡಿಕೆ, ಇಷ್ಟು ನೋವು. ಈಗ ಸುಮ್ನೆ ಕೂತ್ರೂ ನೋಯುತ್ತಲ್ಲ, ಇದು ಯಾವ ಲೆಕ್ಕ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮಗ ಫೋನ್ ನೋಡುವುದನ್ನು ನಿಲ್ಲಿಸಿದ್ದ.

ನಾನು ಕೊಟ್ಟ ಸಲಹೆಗೆ ಆಮೇಲೆ ಬೈಗುಳವೂ ಬಂತು. ಡಾಕ್ಟರ ಹತ್ತಿರ ವಾಪಸ್ ಹೋಗಿ, "ಏನು ಮಾಡಬಾರದು" ಅಂತ ಬೇಡ, "ಏನು ಮಾಡಬಹುದು" ಅಂತ ಕೇಳಿ ಎಂದೆ. ಕೇಳಿದ್ದಕ್ಕೆ ಉತ್ತರ ಸಿಕ್ಕಿತು: ಕುರ್ಚಿಯ ಎತ್ತರದಲ್ಲಿ ಕೂತು ಕೆಲಸ, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ. ಕೂತಲ್ಲೇ ಕಾಲು ನೇರ ಚಾಚಿ, ಐದು ಎಣಿಸಿ ಇಳಿಸುವ ವ್ಯಾಯಾಮ. ಕೋಲು ಹಿಡಿದರೆ ಜಾಸ್ತಿ ನೋಯುವ ಮಂಡಿಯ ವಿರುದ್ಧ ಬದಿಯ ಕೈಯಲ್ಲಿ. ಹಿಂದೆ ಸೊಂಟ ನೋವೆಂದರೆ ವಾರಗಟ್ಟಲೆ ಮಲಗಿಸುತ್ತಿದ್ದರು. ಈಗ ವೈದ್ಯರು ಆದಷ್ಟು ಓಡಾಡಿ ಎನ್ನುತ್ತಾರೆ. ಮಂಡಿಯ ಭಾರ ಹೊರುವುದರಲ್ಲಿ ತೊಡೆಯ ಸ್ನಾಯುವಿಗೂ ದೊಡ್ಡ ಪಾಲಿದೆ, ಮತ್ತು ಕೂತಲ್ಲೇ ಕೂತರೆ ಬೇಗ ಸೊರಗುವುದೂ ಅದೇ. (ಕಾಲು ಬಲ ಕಳೆದುಕೊಂಡರೆ, ಮೂತ್ರದ ಹಿಡಿತ ತಪ್ಪಿದರೆ, ನೋವಿನ ಜೊತೆ ಜ್ವರ ಬಂದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.)

ಮಾತಿನ ನಡುವೆ ಇನ್ನೊಂದು ಹೊರಬಿತ್ತು. ಪಕ್ಕದ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತರಿಸಿ, ಬಿಪಿ ಮಾತ್ರೆಯ ಜೊತೆಗೇ ದಿನಾ ನುಂಗುತ್ತಿದ್ದರು. ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿಗೂ ಪೆಟ್ಟು ಬೀಳಬಹುದು. ಮಾತ್ರೆ ನನ್ನ ವಿಷಯವಲ್ಲ, ಆದರೆ ಚೀಟಿಯಲ್ಲಿ ಬರೆದು ಡಾಕ್ಟರಿಗೆ ತೋರಿಸಿ ಎಂದು ಹೇಳದೆ ಕಳಿಸಲು ಆಗಲಿಲ್ಲ.

ಕೊನೆಯ ಸಲಹೆ: ಮೆಟ್ಟುಗತ್ತಿಯನ್ನು ಅಟ್ಟದಿಂದ ಇಳಿಸಿ, ಬಡಗಿಯನ್ನು ಕರೆಸಿ, ಗಟ್ಟಿ ಮೇಜಿಗೆ ಕ್ಲ್ಯಾಂಪ್ ಹಾಕಿಸಿ. ಅಮ್ಮ ಕುರ್ಚಿಯಲ್ಲಿ ಕೂತು ತರಕಾರಿ ಹೆಚ್ಚಲಿ.

ಸೊಸೆ ಫೋನ್ ಮಾಡಿದರು. ಮನೆಯಲ್ಲಿ ನಾಲ್ಕು ವರ್ಷದ ಮಗು ಇದೆ, ಇದು ಹರಿತವಾದ ಕತ್ತಿ. ಮಿಕ್ಸಿ, ಚಾಪರ್ ಎಲ್ಲ ಇರುವಾಗ ಇದೇಕೆ? ಅವರ ಭಯ ಸುಳ್ಳಲ್ಲ. ಕೆಲಸ ಮುಗಿದ ತಕ್ಷಣ ಮರದ ಹೊದಿಕೆ ಹಾಕಿ ಬೀಗ ಎಂದು ಒಪ್ಪಂದವಾಯಿತು. ನನ್ನ ಸಹೋದ್ಯೋಗಿಯೊಬ್ಬರು "ಇದು ಆಪ್ತಸಲಹೆನಾ, ಮರಗೆಲಸಾನಾ?" ಎಂದು ನಕ್ಕರು. ನಗಲಿ. ಪ್ರೀತಿಯಿಂದಲೇ ಒಬ್ಬರ ಕೈಯ ಕೆಲಸ ಕಿತ್ತುಕೊಂಡು, ಆಮೇಲೆ ಅವರು ಮಂಕಾದರು ಅಂತ ನಮ್ಮ ಹತ್ತಿರ ಕರೆತರುತ್ತಾರೆ. ಅಲ್ಲಿ ಉಸಿರಾಟ ಹೇಳಿಕೊಟ್ಟು ಕಳಿಸುವುದು ನನಗೆ ಮೋಸ ಅನ್ನಿಸುತ್ತದೆ. ನಾನೂ ಒಮ್ಮೆ ಅದನ್ನೇ ಮಾಡಿದ್ದೆ ಅಲ್ವಾ.

ಮೊನ್ನೆ ಫೋನಿನಲ್ಲಿ ಕೇಳಿದೆ, ನೋವು ಹತ್ತರಲ್ಲಿ ಎಷ್ಟು? ಮೊದಲೂ ಆರು ಅಂದಿದ್ದರು.

"ಆರೇ. ಅರ್ಧ ಕೆಜಿ ಬೀನ್ಸು, ಒಂದು ಬಾಳೆದಿಂಡು."