ಬೋರ್ಡು ಬಿಡಿ, ಟೋರ್ಟಿಯಾ ನೋಡಿ

ನಿಮ್ಮ ಪ್ರಶ್ನೆ ಓದಿ ನಗು ಬಂತು, ಯಾಕೆಂದರೆ ಇದೇ ಗೋಳು ನನ್ನದೂ ಆಗಿತ್ತು. ಅಮೆರಿಕದಲ್ಲಿ ಕೆಲವು ವರ್ಷ ಇದ್ದು, ಮಧ್ಯಾಹ್ನಕ್ಕೆ ಬುರಿಟೋ (ದೊಡ್ಡ ತೆಳ್ಳನೆಯ ರೊಟ್ಟಿಯಲ್ಲಿ ಸುತ್ತಿದ ಊಟ), ರಾತ್ರಿ ಹಸಿವಾದರೆ ಟಾಕೋ (ಸಣ್ಣ ರೊಟ್ಟಿ ಮೇಲೆ ಮಾಂಸ ಇತ್ಯಾದಿ) ಅಂತ ರೂಢಿ ಮಾಡಿಕೊಂಡು, ಈಗ ಕೆಲಸದ ಮೇಲೆ ಯುರೋಪಿನ ಊರೊಂದಕ್ಕೆ ಬಂದಿದ್ದೀರಿ. 'ಮೆಕ್ಸಿಕನ್' ಅಂತ ಬೋರ್ಡ್ ಇರುವ ಕಡೆ ಹೋದರೆ ದುಬಾರಿ ಕಾಕ್‌ಟೇಲ್, ಗೋಡೆ ಮೇಲೆ ದೊಡ್ಡ ಟೋಪಿ, ತಟ್ಟೆಯಲ್ಲಿ ಏನೋ ಒಂದು. ಬೇಗ ಸಿಗುವ, ಕೈಯಲ್ಲಿ ಹಿಡಿದು ತಿನ್ನುವಂಥ ಮೆಕ್ಸಿಕನ್ ತಿಂಡಿ ಎಲ್ಲಿ ಹುಡುಕಲಿ ಅಂತ ಕೇಳಿದ್ದೀರಿ. ಹುಡುಕುವ ರೀತಿ ಎಲ್ಲ ಊರಲ್ಲೂ ಹೆಚ್ಚು ಕಡಿಮೆ ಒಂದೇ, ಹೇಳುತ್ತೇನೆ.

ಮೊದಲು ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳಿ. ನಿಮ್ಮ ನಾಲಿಗೆ ಬೇಡುತ್ತಿರುವುದು ಮೆಕ್ಸಿಕೋದ ಬೀದಿಯ ಟಾಕೋನಾ, ಇಲ್ಲ ಅಮೆರಿಕದ ಚೈನ್ ಅಂಗಡಿಯ ಬುರಿಟೋನಾ? ಎರಡೂ ಒಂದೇ ಅಂದುಕೊಂಡು ಹುಡುಕಿದರೆ ಎರಡೂ ಸಿಗುವುದಿಲ್ಲ. ಗರಿಗರಿ ಚಿಪ್ಪಿನ ಟಾಕೋವನ್ನು ಊರೂರಿಗೆ ಹಂಚಿದ್ದು ಟಾಕೋ ಬೆಲ್ ಅನ್ನುವ ಚೈನ್. ಗ್ಲೆನ್ ಬೆಲ್ ಎಂಬಾತ ಅದನ್ನು 1962ರಲ್ಲಿ ಕ್ಯಾಲಿಫೋರ್ನಿಯಾದ ಡೌನಿಯಲ್ಲಿ ಶುರು ಮಾಡಿದ. ಅನ್ನ, ಬೀನ್ಸ್, ಮಾಂಸ ಎಲ್ಲ ತುರುಕಿ ಫಾಯಿಲ್‌ನಲ್ಲಿ ಸುತ್ತಿ ಕೊಡುವ ದಪ್ಪ ಬುರಿಟೋ ಇದೆಯಲ್ಲ, ಅದು ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆಯಲ್ಲಿ 1960ರ ದಶಕದಲ್ಲಿ ಬೆಳೆದದ್ದು. ಅದನ್ನು ಅಲ್ಲಿ ತಿಂದು ರುಚಿ ಹತ್ತಿದ ಸ್ಟೀವ್ ಎಲ್ಸ್ 1993ರಲ್ಲಿ ಡೆನ್ವರ್‌ನಲ್ಲಿ ಚಿಪೋಟ್ಲೆ ಅನ್ನುವ ಅಂಗಡಿ ತೆರೆದರು. ಇನ್ನು ಮೆಕ್ಸಿಕೋದಲ್ಲಿ ಟಾಕೋ ಬೆಲ್ ನಡೆಯಲೇ ಇಲ್ಲ. 1992ರಲ್ಲಿ ಒಮ್ಮೆ, 2007ರಲ್ಲಿ ಮತ್ತೊಮ್ಮೆ ಹೋಗಿ ನೋಡಿದರು. ಎರಡನೇ ಸಲ ಮೆನುವಿನಲ್ಲಿ ಫ್ರೆಂಚ್ ಫ್ರೈಸ್ ಕೂಡ ಇಟ್ಟಿದ್ದರು. ಎರಡು ಸಲವೂ ಬಾಗಿಲು ಹಾಕಿಕೊಂಡು ಬಂದರು. ಹಾಗಂತ ನಿಮಗೆ ಟಾಕೋ ಬೆಲ್ಲೇ ಬೇಕು ಅನ್ನಿಸಿದರೆ ಅದರಲ್ಲಿ ಮುಜುಗರ ಪಡುವಂಥದ್ದೇನೂ ಇಲ್ಲ. 'ಅಸಲಿ' ತಿನ್ನಿ ಅಂತ ಉಪದೇಶ ಮಾಡುವವರು ಎಲ್ಲ ಕಡೆ ಇರುತ್ತಾರೆ, ಅವರನ್ನು ಅವರ ಪಾಡಿಗೆ ಬಿಡಿ.

ಅಮೆರಿಕದ ಥರದ್ದೇ ಬೇಕು ಅಂದರೆ ಕೆಲಸ ಸುಲಭ. ಟಾಕೋ ಬೆಲ್ ಬ್ರಿಟನ್, ಸ್ಪೇನ್‌ಗಳಲ್ಲಿ ಚೆನ್ನಾಗಿ ಹರಡಿದೆ. ಚಿಪೋಟ್ಲೆ ಲಂಡನ್‌ನಲ್ಲಿ ಸುಮಾರು ಕಡೆ ಇದೆ, ಫ್ರಾನ್ಸ್ ಮತ್ತು ಜರ್ಮನಿಯಲ್ಲಿ ಬೆರಳೆಣಿಕೆಯಷ್ಟು. ಇದನ್ನು ಓದುವ ಬೇರೆಯವರು ಆಸ್ಟ್ರೇಲಿಯಾ, ಸಿಂಗಾಪುರ, ಜಪಾನ್ ಕಡೆ ಇದ್ದರೆ ಗುಜ್ಮನ್ ಇ ಗೋಮೆಜ್ ಅಂತ ಒಂದಿದೆ. ನ್ಯೂಯಾರ್ಕಿನಿಂದ ಸಿಡ್ನಿಗೆ ಬಂದು ನೆಲೆಸಿದ ಇಬ್ಬರು 2006ರಲ್ಲಿ ಶುರು ಮಾಡಿದ್ದು, ಅಂದರೆ ನಿಮ್ಮ ಹಾಗೆಯೇ ಇದಿಲ್ಲದೆ ಚಡಪಡಿಸಿದವರು. ಒಂದು ಎಚ್ಚರಿಕೆ: ಮ್ಯಾಪ್‌ನಲ್ಲಿ ಟಾಕೋ ಬೆಲ್ ಅಂತ ಕಂಡ ತಕ್ಷಣ ಬಸ್ ಹತ್ತಬೇಡಿ. ಕೆಲವು ಅಮೆರಿಕದ ಸೇನಾ ನೆಲೆಗಳ ಒಳಗೂ ಅದರ ಅಂಗಡಿ ಇರುತ್ತದೆ. ನಮ್ಮಂಥವರನ್ನು ಗೇಟಿನಲ್ಲೇ ವಾಪಸ್ ಕಳಿಸುತ್ತಾರೆ.

ಚೈನ್ ಇಲ್ಲದ ಊರಾದರೆ ಯೂನಿವರ್ಸಿಟಿ ಸುತ್ತಮುತ್ತ ನೋಡಿ, ಇಲ್ಲ ಆಫೀಸುಗಳು ಜಾಸ್ತಿ ಇರುವ ಬೀದಿಯಲ್ಲಿ ನೋಡಿ. ಚಿಪೋಟ್ಲೆ ಮಾದರಿಯನ್ನೇ ಎತ್ತಿಕೊಂಡ ಸಣ್ಣ ಬುರಿಟೋ ಅಂಗಡಿಗಳು ಅಲ್ಲೇ ಇರುವುದು. ಗಾಜಿನ ಹಿಂದೆ ಸಾಲಾಗಿ ಟ್ರೇಗಳು, ನೀವು ಬೆರಳು ತೋರಿಸುತ್ತಾ ಹೋಗಬೇಕು, ಅವರು ತುಂಬುತ್ತಾ ಹೋಗುತ್ತಾರೆ. ಅಂಗಡಿ ಚೆನ್ನಾಗಿದೆಯೋ ಇಲ್ಲವೋ ಅಂತ ತಿನ್ನುವ ಮೊದಲೇ ಹೇಳಬಹುದು. ಟೋರ್ಟಿಯಾವನ್ನು, ಅಂದರೆ ಆ ತೆಳ್ಳನೆಯ ರೊಟ್ಟಿಯನ್ನು, ಹಬೆಯ ಪ್ರೆಸ್‌ನಲ್ಲಿ ಇಟ್ಟು ಮುಚ್ಚಳ ಒತ್ತಿ ತೆಗೆಯುತ್ತಾರಾ ನೋಡಿ. ಹಾಗೆ ತೆಗೆದದ್ದು ಬಟ್ಟೆಯಂತೆ ಮೆತ್ತಗೆ ಜೋತು ಬೀಳುತ್ತದೆ, ಎಷ್ಟು ತುಂಬಿದರೂ ಹರಿಯುವುದಿಲ್ಲ, ಎರಡು ಬದಿ ಒಳಗೆ ಮಡಚಿ ಒಂದೇ ಉರುಳಿಗೆ ಸುತ್ತಿ ಮುಗಿಸುತ್ತಾರೆ. ಪ್ಯಾಕೆಟ್‌ನಿಂದ ತೆಗೆದ ತಣ್ಣನೆಯ ಟೋರ್ಟಿಯಾಗೆ ನೇರ ಅನ್ನ ಹಾಕಿದರೆ ಮಡಿಕೆ ಹತ್ತಿರ ಬಿಳಿ ಗೆರೆ ಮೂಡಿ ಬಿರುಕು ಬಿಡುತ್ತದೆ. ಆಮೇಲೆ ಅರ್ಧ ಊಟ ನಿಮ್ಮ ಅಂಗಿ ಮೇಲೆ. ಮಧ್ಯಾಹ್ನದ ರಶ್ ಹೊತ್ತಿಗೇ ಹೋಗಿ. ಕ್ಯೂ ನಿಲ್ಲಬೇಕಾಗುತ್ತದೆ ನಿಜ, ಆದರೆ ಟ್ರೇಗಳು ಖಾಲಿಯಾಗಿ ಹೊಸದು ಬರುತ್ತಿರುತ್ತದೆ. ಸಂಜೆ ನಾಲ್ಕಕ್ಕೆ ಹೋದರೆ ಬೀನ್ಸ್ ಮೇಲೆ ಕೆನೆ ಕಟ್ಟಿರುತ್ತದೆ, ಬೆಣ್ಣೆಹಣ್ಣಿನ ಗ್ವಾಕಮೋಲೆ ಕಪ್ಪಾಗಿರುತ್ತದೆ.

ಮೆಕ್ಸಿಕೋದ್ದೇ ಬೇಕು ಅಂದರೆ ಹುಡುಕಾಟ ಸ್ವಲ್ಪ ಜಾಸ್ತಿ, ಮಜಾ ಕೂಡ ಜಾಸ್ತಿ. ಮ್ಯಾಪ್‌ನಲ್ಲಿ 'ಮೆಕ್ಸಿಕನ್ ರೆಸ್ಟೋರೆಂಟ್' ಅಂತ ಹಾಕಬೇಡಿ, ಟೋಪಿ ಗೋಡೆಗಳೇ ಬರುತ್ತವೆ. 'ಟಾಕೇರಿಯಾ', ಅಂದರೆ ಟಾಕೋ ಅಂಗಡಿ, ಅಂತ ಹಾಕಿ. ಬಂದ ಪಟ್ಟಿಯಲ್ಲಿ ಅಂಗಡಿಯವರು ಹಾಕಿದ ಫೋಟೋ ಬಿಟ್ಟು ಗಿರಾಕಿಗಳು ಹಾಕಿದ್ದನ್ನು ನೋಡಿ. ಸ್ಪ್ಯಾನಿಷ್‌ನಲ್ಲಿ ಬರೆದ ರಿವ್ಯೂ ಇದ್ದರೆ ಅದನ್ನು ಅನುವಾದ ಮಾಡಿಸಿ ಓದಿ. ಮೆಕ್ಸಿಕೋದವರು ಬೈದು ಬರೆದಿದ್ದರೂ ಪರವಾಗಿಲ್ಲ, ಅವರು ಅಲ್ಲಿಗೆ ಹೋಗುತ್ತಾರೆ ಅನ್ನುವುದೇ ಒಂದು ಸುಳಿವು. ಮೆನುವಿನಲ್ಲಿ ಚಿಕನ್, ಬೀಫ್ ಅಂತಷ್ಟೇ ಬರೆದಿದ್ದರೆ ಅನುಮಾನ ಪಡಿ. ಅಲ್ ಪಾಸ್ತೋರ್, ಕಾರ್ನಿತಾಸ್, ಬಾರ್ಬಕೋವಾ, ಸುವಾದೇರೋ ಅಂತ ಮಾಂಸಕ್ಕೂ ಮಾಡುವ ವಿಧಾನಕ್ಕೂ ತಕ್ಕ ಹೆಸರು ಕೊಟ್ಟಿದ್ದರೆ ಅಡುಗೆಮನೆಯಲ್ಲಿ ಗೊತ್ತಿರುವವರು ಇದ್ದಾರೆ ಅಂತ ಅರ್ಥ.

ಆದರೆ ನಾನು ಕೊನೆಗೆ ನೋಡುವುದು ಟೋರ್ಟಿಯಾ ಒಂದನ್ನೇ. ಸಾಲ್ಸಾ ಅನ್ನುವ ಖಾರದ ಚಟ್ನಿ ಸುಮಾರಾಗಿದ್ದರೂ ತಿನ್ನಬಹುದು, ಟೋರ್ಟಿಯಾ ಕೆಟ್ಟರೆ ಏನೂ ಉಳಿಯುವುದಿಲ್ಲ. ಉತ್ತರ ಮೆಕ್ಸಿಕೋದಲ್ಲಿ, ಅದರಲ್ಲೂ ಸೊನೋರಾ ಕಡೆ, ಗೋಧಿಯದ್ದೂ ಮಾಡುತ್ತಾರೆ. ಅದು ಬೇರೆ ವಿಷಯ. ಬೀದಿಯ ಟಾಕೋಗೆ ಮೆಕ್ಕೆಜೋಳದ್ದೇ ಬೇಕು. ಮೆಕ್ಕೆಜೋಳ ಅಂದರೆ ಸುಮ್ನೆ ಬೀಸಿದ ಹಿಟ್ಟಲ್ಲ. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಅದರಲ್ಲೇ ನೆನೆಯಲು ಬಿಟ್ಟು, ಸಡಿಲವಾದ ಸಿಪ್ಪೆ ತೊಳೆದು, ಆಮೇಲೆ ರುಬ್ಬಿ ಮುದ್ದೆ ಮಾಡುತ್ತಾರೆ. ಹೀಗೆ ಸುಣ್ಣದಲ್ಲಿ ಬೆಂದ ಕಾಳಿಗೆ ನಿಕ್ಸ್ತಮಲ್ ಅಂತ ಹೆಸರು. ಸುಣ್ಣ ಮುಟ್ಟದಿದ್ದರೆ ಹಿಟ್ಟು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ, ಆ ವಿಶಿಷ್ಟ ವಾಸನೆಯೂ ಬರುವುದಿಲ್ಲ. ಜೊತೆಗೆ ಕಾಳಿನಲ್ಲಿರುವ ನಯಾಸಿನ್ ವಿಟಮಿನ್ ಮೈಗೆ ಹತ್ತುವುದೂ ಸುಣ್ಣದಿಂದಲೇ. ಯುರೋಪಿನವರು ಮೆಕ್ಕೆಜೋಳ ತಂದರು, ಸುಣ್ಣದ ಉಪಾಯ ತರಲಿಲ್ಲ. ಉತ್ತರ ಇಟಲಿಯ ಬಡವರು ಅದನ್ನೇ ಮೂರು ಹೊತ್ತೂ ತಿಂದು ಪೆಲ್ಲಾಗ್ರ ರೋಗಕ್ಕೆ ಬಿದ್ದರು. ಇಷ್ಟು ದೂರ ಹೋಗಬೇಕಿರಲಿಲ್ಲ, ಆದರೆ ಒಂದು ಹಿಡಿ ಸುಣ್ಣ ಎಷ್ಟು ಕೆಲಸ ಮಾಡುತ್ತದೆ ನೋಡಿ.

ನಾನಿರುವ ಊರಿನಲ್ಲಿ ಒಂದು ಸಣ್ಣ ಅಂಗಡಿ ಇದೆ, ಆರು ಜನ ನಿಂತರೆ ತುಂಬಿತು. ಅಡುಗೆಯಾತ ಮುದ್ದೆಯಿಂದ ಒಂದೊಂದು ಉಂಡೆ ಕಿತ್ತು, ಕಬ್ಬಿಣದ ಪ್ರೆಸ್‌ನಲ್ಲಿ ಎರಡು ಪ್ಲಾಸ್ಟಿಕ್ ಹಾಳೆ ನಡುವೆ ಇಟ್ಟು ಒತ್ತಿ, ಅಂಗೈಗೆ ವರ್ಗಾಯಿಸಿ, ಕಾದ ಕಾವಲಿ ಮೇಲೆ ಮಲಗಿಸುತ್ತಾನೆ. ತಿರುವಿ ಹಾಕಿ ಬೆರಳಿನಿಂದ ಮೆಲ್ಲಗೆ ಒತ್ತಿದರೆ ಅದು ಉಬ್ಬುತ್ತದೆ. ಅಲ್ಲಲ್ಲಿ ಕಂದು ಚುಕ್ಕೆ. ಅಂಗೈ ಅಗಲದ ಅಂಥವು ಎರಡನ್ನು ಒಂದರ ಮೇಲೊಂದು ಇಟ್ಟು, ಮೇಲೆ ಮಾಂಸ, ಹೆಚ್ಚಿದ ಈರುಳ್ಳಿ, ಕೊತ್ತಂಬರಿ ಸೊಪ್ಪು, ಪಕ್ಕದಲ್ಲಿ ಒಂದು ಹೋಳು ನಿಂಬೆ. ಅಷ್ಟೇ. ಚೀಸ್ ಇಲ್ಲ, ಲೆಟ್ಯೂಸ್ ಇಲ್ಲ, ಹುಳಿ ಕ್ರೀಮ್ ಇಲ್ಲ. ಫೋಟೋಗಳಲ್ಲಿ ನೀವು ಹುಡುಕಬೇಕಾದದ್ದು ಇದನ್ನೇ. ಅಂಗಡಿಯಲ್ಲಿ ನೆಟ್ಟಗೆ ನಿಲ್ಲಿಸಿದ ಸರಳಿಗೆ ಕೆಂಪು ಮಸಾಲೆ ಹಚ್ಚಿದ ಹಂದಿ ಮಾಂಸ ಚುಚ್ಚಿ, ತುದಿಯಲ್ಲಿ ಅನಾನಸ್ ಇಟ್ಟು ಸುಡುತ್ತಿದ್ದರೆ ಅದೃಷ್ಟ ಅಂದುಕೊಳ್ಳಿ, ಅದು ಅಲ್ ಪಾಸ್ತೋರ್. ಲೆಬನಾನ್‌ನಿಂದ ಮೆಕ್ಸಿಕೋಗೆ ವಲಸೆ ಹೋದವರ ಶವರ್ಮಾದಿಂದಲೇ ಹುಟ್ಟಿದ್ದು, ಕುರಿ ಹೋಗಿ ಹಂದಿ ಬಂತು.

ಯುರೋಪಿನಲ್ಲಿದ್ದೀರಿ ಅಂದಮೇಲೆ ಇನ್ನೆರಡು ಮಾತು. ಫ್ರಾನ್ಸಿನಲ್ಲೂ ಅಕ್ಕಪಕ್ಕದ ದೇಶಗಳಲ್ಲೂ 'ಟಾಕೋಸ್' ಅಂತ ದೊಡ್ಡದಾಗಿ ಬರೆದಿರುವ ಅಂಗಡಿಗಳಲ್ಲಿ ಬಹಳಷ್ಟು ಬೇರೆಯೇ ತಿಂಡಿ. ಗೋಧಿ ಟೋರ್ಟಿಯಾ ಒಳಗೆ ಮಾಂಸ, ಫ್ರೆಂಚ್ ಫ್ರೈಸ್, ಚೀಸ್ ಸಾಸ್ ಹಾಕಿ ಚೌಕ ಮಡಚಿ ಗ್ರಿಲ್‌ನಲ್ಲಿ ಒತ್ತಿ ಕೊಡುತ್ತಾರೆ. ಲಿಯೋನ್, ಗ್ರೆನೋಬಲ್ ಕಡೆಯಿಂದ 2000ದ ನಂತರ ಹರಡಿದ್ದು. ನಡುರಾತ್ರಿ ಹಸಿವಿಗೆ ಚೆನ್ನಾಗಿಯೇ ಇರುತ್ತದೆ, ಆದರೆ ಮೆಕ್ಸಿಕೋಗೂ ಅದಕ್ಕೂ ಸಂಬಂಧವಿಲ್ಲ. ನಾರ್ವೆ, ಸ್ವೀಡನ್‌ನಲ್ಲಿ ಶುಕ್ರವಾರ ರಾತ್ರಿ ಮನೆಮನೆಯಲ್ಲಿ ಟಾಕೋ ಮಾಡುತ್ತಾರೆ, ಸೌತೆಕಾಯಿ, ಸ್ವೀಟ್ ಕಾರ್ನ್ ಎಲ್ಲ ಹಾಕಿ. ಅಲ್ಲಿನ ಸೂಪರ್‌ಮಾರ್ಕೆಟ್‌ಗಳಲ್ಲಿ ಟಾಕೋಗೆಂದೇ ಒಂದು ಸಾಲು ಶೆಲ್ಫ್ ಇರುತ್ತದೆ. ಆದ್ದರಿಂದ ಸಾಮಾನು ಸಿಗುವುದು ಸುಲಭ, ಅಂಗಡಿ ಸಿಗುವುದು ಅಷ್ಟು ಸುಲಭವಲ್ಲ.

ಅಂಗಡಿಗಿಂತ ಒಳ್ಳೆಯ ದಾರಿ ಮೆಕ್ಸಿಕೋದ ಜನರೇ. 'ಮೆಕ್ಸಿಕಾನೋಸ್ ಎನ್' ಅಂತ ಹಾಕಿ ಮುಂದೆ ನಿಮ್ಮ ಊರಿನ ಹೆಸರು ಸೇರಿಸಿ ಫೇಸ್‌ಬುಕ್‌ನಲ್ಲಿ ಹುಡುಕಿ, ದೊಡ್ಡ ಊರಾದರೆ ಒಂದು ಗುಂಪು ಇದ್ದೇ ಇರುತ್ತದೆ. ಮನೆಯಲ್ಲಿ ತಮಾಲೆ (ಹಬೆಯಲ್ಲಿ ಬೇಯಿಸಿದ ಮೆಕ್ಕೆಜೋಳದ ಕಡುಬು) ಮಾಡಿ ಮಾರುವವರು, ವಾರಕ್ಕೊಮ್ಮೆ ಟೋರ್ಟಿಯಾ ಮಾಡಿ ಕಿಲೋ ಲೆಕ್ಕದಲ್ಲಿ ಕೊಡುವವರು ಅಲ್ಲೇ ಸಿಗುತ್ತಾರೆ, ಬೋರ್ಡು ಗೀರ್ಡು ಏನೂ ಇರುವುದಿಲ್ಲ. ಸೆಪ್ಟೆಂಬರ್ 15ರ ರಾತ್ರಿ, 16ರಂದು ಅವರ ಸ್ವಾತಂತ್ರ್ಯ ದಿನದ ಹಬ್ಬ. ಆ ಹೊತ್ತಿಗೆ ರಾಯಭಾರ ಕಚೇರಿಯವರೋ ಸಂಘದವರೋ ಕಾರ್ಯಕ್ರಮ ಇಟ್ಟರೆ ತಿಂಡಿ ಮಳಿಗೆಗಳಿರುತ್ತವೆ. ಹೋಗಿ ತಿಂದು, ಮಾಡಿದವರನ್ನು 'ನೀವು ಇಲ್ಲಿ ಎಲ್ಲಿ ತಿನ್ನುತ್ತೀರಿ' ಅಂತ ಕೇಳಿ. ಅದಕ್ಕಿಂತ ಒಳ್ಳೆಯ ರಿವ್ಯೂ ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ. ಮೇ 5ನ್ನು ಅಮೆರಿಕದಲ್ಲಿ ಕುಡಿದು ಕುಣಿಯುವ ಹಬ್ಬ ಮಾಡಿದ್ದಾರೆ, ಮೆಕ್ಸಿಕೋದಲ್ಲಿ ಪ್ಯೂಬ್ಲಾ ಬಿಟ್ಟರೆ ಅಷ್ಟು ಸದ್ದಿಲ್ಲ. ಆ ದಿನದ ಆಫರ್‌ಗಳನ್ನು ನಂಬಿ ಹೋಗಬೇಡಿ.

ಡೆಲಿವರಿ ತರಿಸುವುದಾದರೆ ಬುರಿಟೋ ಮಾತ್ರ ತರಿಸಿ. ಟಾಕೋ ಡಬ್ಬಿಯಲ್ಲಿ ಬೆವರಿ ಮೆತ್ತಗಾಗಿ ಬಾಗಿಲಿಗೆ ಬರುವಷ್ಟರಲ್ಲಿ ಹರಿದುಹೋಗಿರುತ್ತದೆ. ಆರ್ಡರ್ ಮಾಡುವ ಮೊದಲು ವಿಳಾಸವನ್ನೂ ನೋಡಿ. ಒಂದೇ ಅಡುಗೆಮನೆಯಿಂದ ಪಿಜ್ಜಾ, ಬರ್ಗರ್, ಬುರಿಟೋ ಅಂತ ಬೇರೆ ಬೇರೆ ಹೆಸರಲ್ಲಿ ಮಾರುವವರಿದ್ದಾರೆ. ಹಾಗೊಂದು ಕಡೆಯಿಂದ ನನಗೆ ಬಂದ ಬುರಿಟೋ ಒಳಗೆ ಸಾಲ್ಸಾ ಬದಲು ಕೆಚಪ್ ಇತ್ತು.

ಸಸ್ಯಾಹಾರಿಗಳಾದರೆ ಎರಡು ಪ್ರಶ್ನೆ ತಪ್ಪದೆ ಕೇಳಿ. ಅರೆದ ಬೀನ್ಸ್‌ಗೆ ಹಂದಿ ಕೊಬ್ಬು ಹಾಕಿದ್ದೀರಾ, ಅನ್ನವನ್ನು ಚಿಕನ್ ಸ್ಟಾಕ್‌ನಲ್ಲಿ ಬೇಯಿಸಿದ್ದೀರಾ? ಸಾಂಪ್ರದಾಯಿಕವಾಗಿ ಮಾಡುವವರು ಎರಡನ್ನೂ ಮಾಡುತ್ತಾರೆ, ಮೆನುವಿನಲ್ಲಿ ಬರೆಯುವುದಿಲ್ಲ. 'ಮಾಂಸ ಇದೆಯಾ' ಅಂತ ಕೇಳಿದರೆ ಇಲ್ಲ ಅಂದುಬಿಡುತ್ತಾರೆ, ಯಾಕೆಂದರೆ ಕೊಬ್ಬನ್ನು ಅವರು ಮಾಂಸದ ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಅಣಬೆ, ಸುಟ್ಟ ದಪ್ಪ ಮೆಣಸಿನಕಾಯಿಯ ಹೋಳು, ಕುಂಬಳ ಹೂವು ಹಾಕಿದ ಕೇಸಾದಿಯಾ (ಚೀಸ್ ಇಟ್ಟು ಮಡಚಿ ಬಿಸಿ ಮಾಡಿದ ಟೋರ್ಟಿಯಾ) ಸಿಕ್ಕರೆ ಬಿಡಬೇಡಿ.

ಇಷ್ಟೆಲ್ಲ ಮಾಡಿಯೂ ಏನೂ ಸಿಗದ ಊರುಗಳಿವೆ. ಆಗ ಮನೆಯಲ್ಲೇ ಮಾಡಬೇಕು, ಅದು ನೀವಂದುಕೊಂಡಷ್ಟು ಕಷ್ಟವಲ್ಲ. ಲ್ಯಾಟಿನ್ ಅಮೆರಿಕದ ದಿನಸಿ ಅಂಗಡಿಯಲ್ಲೋ ಆನ್‌ಲೈನ್‌ನಲ್ಲೋ ಮಾಸಾ ಹರೀನಾ ಕೇಳಿ, ಮಸೇಕಾ ಬ್ರ್ಯಾಂಡ್ ಬಹಳ ದೇಶಗಳಲ್ಲಿ ಸಿಗುತ್ತದೆ. ಅದು ಸುಣ್ಣದಲ್ಲಿ ಬೆಂದ ಮೆಕ್ಕೆಜೋಳವನ್ನು ಒಣಗಿಸಿ ಮಾಡಿದ ಹಿಟ್ಟು. ಅದೇ ಶೆಲ್ಫ್‌ನಲ್ಲಿ ಪಾನ್ ಅಂತ ಹಳದಿ ಪ್ಯಾಕೆಟ್ ಇರುತ್ತದೆ, ಅದನ್ನು ತರಬೇಡಿ. ಅದು ವೆನೆಜುವೆಲಾ, ಕೊಲಂಬಿಯಾದವರ ಅರೇಪಾ ರೊಟ್ಟಿಯ ಹಿಟ್ಟು, ಸುಣ್ಣ ಕಂಡಿರುವುದಿಲ್ಲ. ಪೊಲೆಂಟಾ, ಕಾರ್ನ್ ಫ್ಲೋರ್ ಕೂಡ ಆಗುವುದಿಲ್ಲ. ಹಿಟ್ಟಿಗೆ ಬೆಚ್ಚಗಿನ ನೀರು ಹಾಕಿ, ಬೆರಳಿಗೆ ಅಂಟದ ಹಾಗೆ, ಒತ್ತಿದರೆ ಅಂಚು ಬಿರಿಯದ ಹಾಗೆ ಕಲಸಿ, ಅರ್ಧ ಗಂಟೆ ಒದ್ದೆ ಬಟ್ಟೆ ಮುಚ್ಚಿಡಿ. ಪ್ರೆಸ್ ಇಲ್ಲದಿದ್ದರೆ ದಪ್ಪ ತಳದ ಬಾಣಲೆಯಿಂದ ಒತ್ತಿದರೂ ಆಯಿತು. ಜೊತೆಗೆ ಅಡೋಬೋ ಸಾಸ್‌ನಲ್ಲಿ ಅದ್ದಿಟ್ಟ ಚಿಪೋಟ್ಲೆ ಮೆಣಸಿನಕಾಯಿಯ ಸಣ್ಣ ಡಬ್ಬಿ ಒಂದು ತಂದಿಟ್ಟುಕೊಳ್ಳಿ. ಹಣ್ಣಾದ ಹಾಲಪೇನ್ಯೋವನ್ನು ಹೊಗೆ ಹಾಕಿ ಒಣಗಿಸಿದ್ದು ಅದು. ಸುಟ್ಟ ಟೊಮೆಟೊ, ಈರುಳ್ಳಿ, ಉಪ್ಪಿನ ಜೊತೆ ಒಂದೆರಡು ಹಾಕಿ ತಿರುವಿದರೆ ಸಾಲ್ಸಾ ಸಿದ್ಧ. ಡಬ್ಬಿಯಲ್ಲಿ ಉಳಿದದ್ದನ್ನು ಡಬ್ಬಿಯಲ್ಲೇ ಬಿಡದೆ ಗಾಜಿನ ಬಾಟಲಿಗೆ ಹಾಕಿ ಫ್ರಿಜ್‌ನಲ್ಲಿಡಿ.