ಬಾಡಿಗೆಗೆ ಸಂಬಳದಲ್ಲಿ ಎಷ್ಟು ಪಾಲು?

ಪ್ರಶ್ನೆ: ಹೊಸ ಕೆಲಸ ಸಿಕ್ಕಿದೆ ಸಾರ್. ಆಫರ್ ಲೆಟರಲ್ಲಿ ಇರೋ ಸಂಬಳ ನೂರು ಅಂದ್ಕೊಂಡ್ರೆ ಕೈಗೆ ಬರೋದು 80. ಅದ್ರಲ್ಲಿ ಲೋನ್ ಇಎಂಐ 15 ಹೋಗುತ್ತೆ, ಅಪ್ಪ ಅಮ್ಮಂಗೆ 10 ಕಳಿಸ್ತೀನಿ. ಈಗ ಶೇರಿಂಗ್ ರೂಮಲ್ಲಿದೀನಿ, ಬಾಡಿಗೆ, ಕರೆಂಟು, ನೀರು ಎಲ್ಲಾ ಸೇರಿ 14ರಲ್ಲಿ ಮುಗಿಯುತ್ತೆ. ಒಬ್ಬನೇ ಇರೋಕೆ ಒಂದು ಮನೆ ನೋಡಿದೀನಿ, ಬಾಡಿಗೆ 30. ಸಂಬಳದ 30 ಪರ್ಸೆಂಟ್ ತನಕ ಬಾಡಿಗೆ ಕೊಡಬಹುದು ಅಂತ ಫ್ರೆಂಡ್ಸ್ ಹೇಳ್ತಾರೆ. ಹಿಡಿದುಬಿಡ್ಲಾ?

ಉತ್ತರ: ಬೇಡ ಮಾರಾಯ್ರೆ. ಆ 30 ಏನು ದೇವರು ಬರೆದಿಟ್ಟ ಲೆಕ್ಕ ಅಲ್ಲ. ಅಮೆರಿಕದಲ್ಲಿ 1969ರಲ್ಲಿ ಸರ್ಕಾರಿ ವಸತಿಲಿರೋ ಬಡ ಕುಟುಂಬಗಳ ಬಾಡಿಗೆ ಆದಾಯದ 25 ಪರ್ಸೆಂಟ್ ದಾಟಬಾರದು ಅಂತ ಕಾನೂನು ಮಾಡಿದ್ರು, 1981ರಲ್ಲಿ ಅದನ್ನೇ 30 ಮಾಡಿದ್ರು, ಈಗ ಎಲ್ರೂ ಅದನ್ನ ಮಂತ್ರದ ಥರ ಹೇಳ್ತಾರೆ. ನಿಮ್ಮ ಇಎಂಐ ವಿಷ್ಯ ಅದಕ್ಕೇನು ಗೊತ್ತು?

ನಿಮ್ಮ ಲೆಕ್ಕ ಶುರುವಾಗೋದು ನೂರರಿಂದ ಅಲ್ಲ, 80ರಿಂದಾನೂ ಅಲ್ಲ, ಇಎಂಐ ಮತ್ತೆ ಮನೆಗೆ ಕಳ್ಸೋದು ಕಳೆದು ಉಳಿಯೋ 55ರಿಂದ. ಅದ್ರಲ್ಲಿ 30 ಬಾಡಿಗೆ ಕೊಟ್ರೆ 25 ಉಳೀತು, ಮೇಂಟೆನೆನ್ಸು, ಕರೆಂಟು, ನೀರು, ನೆಟ್ಟು ಅಂತ ಬಾಡಿಗೆ ಹಿಂದೇನೇ ಬಾಲದ ಥರ ಬರೋದಕ್ಕೆ ಒಂದು 6 ಇಟ್ಕೊಳ್ಳಿ, ಓಡಾಟಕ್ಕೆ 5, ಇನ್ನುಳಿದ 14ರಲ್ಲಿ ತಿಂಗಳಿಡೀ ಊಟ, ಬಟ್ಟೆ, ಔಷಧಿ, ಆಮೇಲೆ ಉಳಿತಾಯ ಅಂತ ಬೇರೆ! ಆಗಲ್ಲ. ಅದೂ ಅಲ್ದೆ ಅಗ್ರಿಮೆಂಟಲ್ಲಿ ವರ್ಷಕ್ಕೆ 10 ಪರ್ಸೆಂಟ್ ಏರಿಕೆ ಅಂತಿದ್ರೆ ಈ 30 ಮುಂದಿನ ವರ್ಷ 33, ಆಮೇಲೆ 36, ಮೂರನೇ ಸಲ ಏರಿಸೋ ಹೊತ್ತಿಗೆ ಹತ್ತಿರತ್ತಿರ 40. ಸಂಬಳ ಅದೇ ಸ್ಪೀಡಲ್ಲಿ ಏರುತ್ತೆ ಅಂತ ಯಾರೂ ಬರೆದುಕೊಟ್ಟಿರಲ್ಲ ಅಲ್ವಾ.

ನಾನಾದ್ರೆ ಆ 55ರಲ್ಲಿ ಅರ್ಧ ದಾಟಿಸಲ್ಲ, ಅಂದ್ರೆ ಬಾಲನೂ ಸೇರಿ 27. ಬಾಡಿಗೆ 20, 21ಕ್ಕೆ ನಿಲ್ಲಬೇಕು. ಆಫೀಸಿಂದ ತೀರಾ ದೂರದ ಮನೆ ಸಸ್ತಾ ಅಂತ ಹಿಡಿದ್ರೆ ಉಳಿಸಿದ್ದು ಓಡಾಟದಲ್ಲೇ ಹೋಗುತ್ತೆ, ಅದನ್ನೂ ನೋಡ್ಕೊಳ್ಳಿ.

ಇನ್ನೂ ಡೌಟಿದ್ರೆ ಮೂರು ತಿಂಗಳು ಇರೋ ರೂಮಲ್ಲೇ ಇದ್ದು, ಸಂಬಳ ಬಂದ ದಿನಾನೇ 27ಕ್ಕೂ ಈಗ ರೂಮಿಗೆ ಕೊಡೋ 14ಕ್ಕೂ ಇರೋ ವ್ಯತ್ಯಾಸ 13ನ್ನ ಬೇರೆ ಅಕೌಂಟಿಗೆ ಹಾಕ್ಬಿಡಿ, ಇಪ್ಪತ್ತನೇ ತಾರೀಕಿಗೆ ಅದಕ್ಕೆ ಕೈ ಹಾಕೋ ಹಂಗಾದ್ರೆ 27 ಕೂಡ ಜಾಸ್ತೀನೇ ಅಂತ ಅರ್ಥ. ಕೈ ಹಾಕ್ದೆ ಇದ್ರೆ ಅಡ್ವಾನ್ಸಿಗೆ 39 ರೆಡಿ.

ಪ್ರಶ್ನೆ: ನಂದು ಫ್ರೀಲಾನ್ಸ್, ಒಂದು ತಿಂಗಳು ಜಾಸ್ತಿ, ಇನ್ನೊಂದು ತಿಂಗಳು ಏನೂ ಇಲ್ಲ. ಸರಾಸರಿ ಹಿಡೀಲಾ?

ಉತ್ತರ: ಸರಾಸರಿ ಬೇಡ, ಓನರ್ ಸರಾಸರಿ ಕೇಳಲ್ಲ. ಹೋದ 12 ತಿಂಗಳಲ್ಲಿ ದುಡ್ಡು ಬಂದ ತಿಂಗಳುಗಳಲ್ಲಿ ಅತೀ ಕಮ್ಮಿ ಯಾವ್ದೋ ಅದನ್ನೇ ಸಂಬಳ ಅಂದ್ಕೊಂಡು ಮೇಲಿನ ಲೆಕ್ಕ ಹಾಕಿ, ಖಾಲಿ ತಿಂಗಳುಗಳಿಗೆ ಮೂರು ತಿಂಗಳ ಬಾಡಿಗೆ ಪಕ್ಕಕ್ಕಿಟ್ಟ ಮೇಲೇನೇ ಅಗ್ರಿಮೆಂಟಿಗೆ ಸೈನ್ ಹಾಕಿ.