ಚೆಸ್ ಪ್ರಶ್ನೋತ್ತರ: ಮೇಟ್ ಇದ್ದರೂ ಕಣ್ಣಿಗೆ ಬೀಳುವುದಿಲ್ಲ, ಯಾಕೆ?

ಪ್ರಶ್ನೆ: ಮೊಬೈಲ್‌ನಲ್ಲಿ ದಿನಾ ಚೆಸ್ ಆಡುತ್ತೇನೆ. ಓಪನಿಂಗ್ ವಿಡಿಯೋಗಳನ್ನು ಬೇಕಾದಷ್ಟು ನೋಡಿದ್ದೇನೆ. ಎಷ್ಟೋ ಆಟದಲ್ಲಿ ನಾನೇ ಮುಂದಿರುತ್ತೇನೆ, ಆದರೆ ಮುಗಿಸಲು ಬರುವುದಿಲ್ಲ. ಆಟ ಸೋತ ಮೇಲೆ ಕಂಪ್ಯೂಟರ್ ತೋರಿಸುತ್ತದೆ, ಮೂರು ನಡೆಯಲ್ಲಿ ಮೇಟ್ ಇತ್ತು ಅಂತ. ಆಡುವಾಗ ಅದು ಯಾಕೆ ಕಾಣುವುದಿಲ್ಲ?
– ಕಾಲೇಜು ವಿದ್ಯಾರ್ಥಿ, ವಿರಾಜಪೇಟೆ

ಉತ್ತರ: ನೀವು ಹುಡುಕುವ ಕ್ರಮದಲ್ಲೇ ತೊಂದರೆ ಇದೆ. (ಹೊಸಬರಿಗೆ: ರಾಜನ ಮೇಲೆ ದಾಳಿ ಮಾಡಿದರೆ ಚೆಕ್, ಆ ದಾಳಿಯಿಂದ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದಿದ್ದರೆ ಮೇಟ್, ಆಟ ಮುಗಿಯಿತು.) ಈಗ ಯಾವ ಚೆಕ್ ಕೊಡಲಿ, ಅವನು ಎಲ್ಲಿ ಹೋಗುತ್ತಾನೆ, ಆಮೇಲೆ ಯಾವ ಚೆಕ್ ಅಂತ ಒಂದೊಂದೇ ನಡೆ ಲೆಕ್ಕ ಹಾಕುತ್ತಾ ಹೋದರೆ ಎರಡನೇ ನಡೆಗೇ ತಲೆ ತುಂಬಿಹೋಗುತ್ತದೆ. ಮೇಟ್ ಬೇಗ ಕಾಣುವವರು ಹೀಗೆ ಮಾಡುವುದಿಲ್ಲ. ಅವರಿಗೆ ಕೊನೆಯ ಚಿತ್ರ ಮೊದಲೇ ಗೊತ್ತಿರುತ್ತದೆ, ಅಲ್ಲಿಗೆ ಹೋಗುವ ದಾರಿಯನ್ನಷ್ಟೇ ಹುಡುಕುತ್ತಾರೆ. ನಮ್ಮ ಕೊಡಗಿನಲ್ಲಿ ಹಾಕಿ ಗೊತ್ತಿಲ್ಲದವರು ಕಮ್ಮಿ, ಹಾಗಾಗಿ ಹೀಗೆ ಹೇಳುತ್ತೇನೆ: ಪೆನಾಲ್ಟಿ ಕಾರ್ನರ್ ಸಿಕ್ಕಾಗ ಯಾರು ಚೆಂಡು ತಳ್ಳಬೇಕು, ಯಾರು ತಡೆದು ನಿಲ್ಲಿಸಬೇಕು, ಯಾರು ಹೊಡೆಯಬೇಕು ಅಂತ ಮೈದಾನದಲ್ಲಿ ನಿಂತು ಯಾರೂ ಚರ್ಚೆ ಮಾಡುವುದಿಲ್ಲ, ಅದು ಮೊದಲೇ ಅಭ್ಯಾಸ ಮಾಡಿ ಕೈಗೆ ಬಂದಿರುತ್ತದೆ. ಮೇಟ್ ಮಾದರಿಗಳೂ ಹಾಗೆಯೇ ಕೈಗೆ ಬರಬೇಕು.

ಮೊದಲು ಒಂದು ಸಣ್ಣ ಲೆಕ್ಕ. ಬೋರ್ಡಿನ ನಡುವೆ ನಿಂತ ರಾಜನಿಗೆ ಸುತ್ತ ಎಂಟು ಮನೆ. ಅಂಚಿಗೆ ಬಂದರೆ ಐದು. ಮೂಲೆಯಲ್ಲಿ ಮೂರೇ ಮೂರು. ಆ ಮೂರರಲ್ಲಿ ಎರಡರ ಮೇಲೆ ಅವನ ಸೈನಿಕರೇ ಕೂತಿದ್ದರೆ ನಿಮಗೆ ಉಳಿದ ಕೆಲಸ ಎಷ್ಟು? ಮೇಟ್ ಮಾದರಿ ಅಂದರೆ ಇಷ್ಟೇ. ರಾಜ ಓಡಬಹುದಾದ ಮನೆ ಯಾವುದು, ಅದನ್ನು ನನ್ನ ಯಾವ ಕಾಯಿ ಕಾಯುತ್ತಿದೆ, ಯಾವುದನ್ನು ಅವನ ಕಾಯಿಯೇ ಮುಚ್ಚಿದೆ. ಈ ಮೂರು ಪ್ರಶ್ನೆ ಕೇಳಿಕೊಳ್ಳದೆ ಸುಮ್ನೆ ಚೆಕ್ ಕೊಡುತ್ತಾ ಹೋದರೆ ರಾಜನನ್ನು ನೀವೇ ಓಡಿಸಿ ಕಾಪಾಡಿದ ಹಾಗೆ ಆಗುತ್ತದೆ.

ಹಿಂದಿನ ಸಾಲಿನ ಮೇಟ್ ನಿಮಗೆ ಗೊತ್ತಿರುತ್ತದೆ. (ಮನೆಗಳ ಹೆಸರು ಹೀಗೆ: ಬಿಳಿ ಆಟಗಾರನ ಎಡದಿಂದ ಬಲಕ್ಕೆ ಉದ್ದ ಸಾಲುಗಳು ಎಯಿಂದ ಎಚ್‌ವರೆಗೆ, ಅವನ ಕಡೆಯಿಂದ ಮುಂದಕ್ಕೆ ಅಡ್ಡ ಸಾಲುಗಳು 1ರಿಂದ 8ರವರೆಗೆ.) ಕಪ್ಪು ರಾಜ ಜಿ8ರಲ್ಲಿ, ಎದುರಿಗೆ ಎಫ್7, ಜಿ7, ಎಚ್7ರಲ್ಲಿ ಅವನದೇ ಸೈನಿಕರು, ನಿಮ್ಮ ಆನೆ ಎಂಟನೇ ಸಾಲಿಗೆ ಬಂದರೆ ಮುಗಿಯಿತು. ಇದನ್ನು ಬೇಗ ದಾಟಿ ಮುಂದೆ ಹೋಗೋಣ, ಯಾಕೆಂದರೆ ನೀವು ತಪ್ಪಿಸಿಕೊಳ್ಳುತ್ತಿರುವುದು ಬಹುಶಃ ಕುದುರೆ ಇರುವ ಮೇಟ್‌ಗಳನ್ನು. ಹೆಚ್ಚಿನವರ ಕಣ್ಣು ನೇರ ಗೆರೆಗೆ ಒಗ್ಗಿರುತ್ತದೆ, ಕುದುರೆ ಕಾಯುವ ಮನೆ ಮಾತ್ರ ಕಾಣುವುದಿಲ್ಲ.

ಆನೆ ಮತ್ತು ಕುದುರೆಯ ಜೋಡಿ ನೋಡಿ. ಕಪ್ಪು ರಾಜ ಎಚ್8ರ ಮೂಲೆಯಲ್ಲಿ, ನಿಮ್ಮ ಕುದುರೆ ಎಫ್6ರಲ್ಲಿ, ಆನೆ ಎಚ್7ಕ್ಕೆ ಬಂದು ಚೆಕ್. ಒಂದೇ ಕುದುರೆ ಎರಡು ಕೆಲಸ ಮಾಡುತ್ತಿದೆ: ಆನೆಯನ್ನೂ ಕಾಯುತ್ತದೆ, ಜಿ8ನ್ನೂ ಮುಚ್ಚುತ್ತದೆ. ಜಿ7 ಆನೆಯದೇ ಸಾಲಿನಲ್ಲಿದೆ. ಇದನ್ನು ಅರೇಬಿಯನ್ ಮೇಟ್ ಅಂತಾರೆ, ತುಂಬ ಹಳೆಯದು. ರಾಣಿ ಮತ್ತು ಒಂಟೆಗೆ ಇವತ್ತಿನ ಉದ್ದ ಓಟ ಬಂದಿದ್ದು 15ನೇ ಶತಮಾನದ ಕೊನೆಗೆ, ಆನೆ ಮತ್ತು ಕುದುರೆ ಮಾತ್ರ ಅದಕ್ಕೂ ಮೊದಲಿನಿಂದ ಹೀಗೆಯೇ ನಡೆಯುತ್ತಿವೆ. ಅದಕ್ಕೇ ಈ ಮೇಟ್ ಅಷ್ಟು ಹಿಂದಿನಿಂದ ಉಳಿದು ಬಂದಿದೆ.

ಈಗ ಕುದುರೆಯನ್ನು ಇ7ಕ್ಕೆ ಇಡಿ. ಕಪ್ಪು ರಾಜ ಎಚ್7ರಲ್ಲಿ, ಪಕ್ಕದ ಜಿ7ರಲ್ಲಿ ಅವನ ಸೈನಿಕ. ಕುದುರೆ ಜಿ8 ಮತ್ತು ಜಿ6 ಎರಡನ್ನೂ ಕಾಯುತ್ತಿದೆ. ಎಚ್ ಸಾಲಿಗೆ ಕೆಳಗಿನಿಂದ ಆನೆ ಬಂದರೆ ಮೇಟ್. ಇದರ ಹೆಸರು ಅನಸ್ತಾಸಿಯಾ ಮೇಟ್. ಆಟದಲ್ಲಿ ಸಾಮಾನ್ಯವಾಗಿ ಎಚ್7ರಲ್ಲಿ ಸೈನಿಕ ಇರುತ್ತಾನೆ, ರಾಜ ಎಚ್8ರಲ್ಲಿ ಕೂತಿರುತ್ತಾನೆ. ಹಾಗಾದರೆ ರಾಜನನ್ನು ಎಚ್7ಕ್ಕೆ ಎಳೆಯುವುದು ಹೇಗೆ? ರಾಣಿಯಿಂದ ಆ ಸೈನಿಕನನ್ನು ಹೊಡೆದು, ರಾಜನ ಕೈಯಲ್ಲಿ ರಾಣಿಯನ್ನು ಹೊಡೆಸಿಕೊಂಡು! ಚಿತ್ರ ಗೊತ್ತಿದ್ದವರಿಗೆ ಇದು ಸಾಹಸವೇ ಅಲ್ಲ. ಚಿತ್ರ ಗೊತ್ತಿಲ್ಲದವರಿಗೆ ಆ ನಡೆ ತಲೆಗೇ ಬರುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಉಸಿರುಗಟ್ಟಿಸುವ ಮೇಟ್, ಸ್ಮದರ್ಡ್ ಮೇಟ್ ಅಂತಾರಲ್ಲ ಅದು. ದಯವಿಟ್ಟು ಬೋರ್ಡ್ ತೆಗೆದು ಕಾಯಿ ಜೋಡಿಸಿ. ಕಪ್ಪು ರಾಜ ಎಚ್8, ಸೈನಿಕರು ಜಿ7 ಮತ್ತು ಎಚ್7, ಆನೆ ಡಿ8. ಬಿಳಿ ರಾಣಿ ಸಿ4, ಕುದುರೆ ಜಿ5. ಕುದುರೆ ಎಫ್7ಕ್ಕೆ ಹೋಗಿ ಚೆಕ್. ರಾಜ ಜಿ8ಕ್ಕೆ. ಕುದುರೆ ಎಚ್6ಕ್ಕೆ ಹಾರಿದರೆ ರಾಣಿಯ ದಾರಿಯೂ ತೆರೆಯುತ್ತದೆ, ಎರಡು ಕಡೆಯಿಂದ ಚೆಕ್. ರಾಜ ಎಫ್8ಕ್ಕೆ ಹೋದರೆ ರಾಣಿ ಎಫ್7ರಲ್ಲಿ ಮೇಟ್ ಕೊಡುತ್ತಾಳೆ, ಹಾಗಾಗಿ ಎಚ್8ಕ್ಕೇ ವಾಪಸ್. ಈಗ ರಾಣಿ ಸೀದಾ ಜಿ8ಕ್ಕೆ. ರಾಜ ಹೊಡೆಯುವ ಹಾಗಿಲ್ಲ, ಎಚ್6ರ ಕುದುರೆ ಕಾಯುತ್ತಿದೆ. ಆನೆಯೇ ಹೊಡೆಯಬೇಕು. ಹೊಡೆದ ಆನೆ ಜಿ8ರಲ್ಲಿ ಕೂತು ರಾಜನ ಕೊನೆಯ ಮನೆಯನ್ನೂ ಮುಚ್ಚಿಬಿಡುತ್ತದೆ. ಕುದುರೆ ಮತ್ತೆ ಎಫ್7ಕ್ಕೆ. ಮೇಟ್. 1497ರಲ್ಲಿ ಸ್ಪೇನ್‌ನಲ್ಲಿ ಅಚ್ಚಾದ ಲುಸೆನಾ ಅವರ ಪುಸ್ತಕದಲ್ಲೇ ಈ ಮೇಟ್ ಇದೆ, ಆದರೂ ಹೆಸರು ಅಂಟಿಕೊಂಡಿದ್ದು 18ನೇ ಶತಮಾನದ ಫ್ರೆಂಚ್ ಆಟಗಾರ ಫಿಲಿಡೋರ್‌ಗೆ.

ಇಲ್ಲಿ ಒಂದು ನಿಮಿಷ ನಿಲ್ಲಿ. ಕುದುರೆ ಇನ್ನೂ ಜಿ5ರಲ್ಲಿ ಇರುವಾಗಲೇ ರಾಣಿಯನ್ನು ಜಿ8ಕ್ಕೆ ಇಟ್ಟರೆ ಏನಾಗುತ್ತದೆ? ರಾಜ ಆರಾಮಾಗಿ ಹೊಡೆಯುತ್ತಾನೆ, ನೀವು ಸೋಲುತ್ತೀರಿ. ಕುದುರೆ ಎಚ್6ಕ್ಕೆ ಸುತ್ತಿ ಬಂದಿದ್ದು ಜಿ8ನ್ನು ಕಾಯುವುದಕ್ಕಾಗಿ. ಪ್ರತಿ ಕಾಯಿಗೂ ‘ನೀನು ಇಲ್ಲಿ ಯಾಕಿದ್ದೀಯ’ ಅಂತ ಕೇಳಿ ಉತ್ತರ ಸಿಕ್ಕಾಗಲೇ ಮಾದರಿ ನಿಮ್ಮದಾಗುವುದು. ನಡೆಗಳನ್ನು ಬಾಯಿಪಾಠ ಮಾಡಿದರೆ ಆನೆ ಡಿ8ರ ಬದಲು ಎಫ್8ರಲ್ಲಿದ್ದ ದಿನ ಗಲಿಬಿಲಿ ಆಗುತ್ತದೆ, ಅಲ್ಲಿದ್ದರೆ ಅದು ಎಫ್7ರ ಕುದುರೆಯನ್ನೇ ಹೊಡೆದುಬಿಡುತ್ತದೆ.

ಅಭ್ಯಾಸಕ್ಕೆ ಲಿಚೆಸ್ ಅನ್ನುವ ಚೆಸ್ ವೆಬ್‌ಸೈಟ್ ಸಾಕು, ಪೂರ್ತಿ ಉಚಿತ. ಅಲ್ಲಿ ಪಜಲ್‌ಗಳನ್ನು ಮೇಟ್ ಹೆಸರಿನ ಪ್ರಕಾರ ಬೇರೆ ಮಾಡಿ ಇಟ್ಟಿದ್ದಾರೆ. ಒಂದು ವಾರ ಅನಸ್ತಾಸಿಯಾ ಒಂದನ್ನೇ ಮಾಡಿ. ಸುಲಭದ್ದನ್ನೇ ಮಾಡಿ, ಮಾಡಿದ್ದನ್ನೇ ಮತ್ತೆ ಮಾಡಿ, ನೋಡಿದ ಕೂಡಲೇ ಉತ್ತರ ಬರುವವರೆಗೆ. ಕಷ್ಟದ ಪಜಲ್ ಮುಂದೆ ಇಪ್ಪತ್ತು ನಿಮಿಷ ಕೂರುವುದು ಲೆಕ್ಕಾಚಾರಕ್ಕೆ ಒಳ್ಳೆಯದು, ಆದರೆ ನಿಮಗೆ ಈಗ ಬೇಕಿರುವುದು ಅದಲ್ಲ. ಆಮೇಲೆ ಎಲ್ಲ ಮಾದರಿ ಬೆರೆಸಿ ಮಾಡಿ, ಯಾಕೆಂದರೆ ಆಟದಲ್ಲಿ ಇದು ಇಂಥ ಮೇಟ್ ಅಂತ ಯಾರೂ ಹೇಳುವುದಿಲ್ಲ ಅಲ್ವಾ?

ಪ್ರಶ್ನೆ: ಮಗ ಆರನೇ ಕ್ಲಾಸ್. ಮಳೆ ರಜೆಯಲ್ಲಿ ಪಕ್ಕದ ಮನೆಯ ಹುಡುಗರ ಜೊತೆ ಚೆಸ್ ಆಡಲು ಶುರು ಮಾಡಿದ್ದಾನೆ. ಪ್ರತಿ ಸಲ ನಾಲ್ಕೇ ನಡೆಯಲ್ಲಿ ಸೋತು ಅಳುತ್ತಾ ಬರುತ್ತಾನೆ. ಮೈಸೂರಿಗೆ ಕೋಚಿಂಗ್‌ಗೆ ಕಳಿಸಬೇಕಾ?
– ಗೃಹಿಣಿ, ಗೋಣಿಕೊಪ್ಪಲು

ಉತ್ತರ: ಈಗಲೇ ಬೇಡ ಅಮ್ಮ. ಮೈಸೂರಿನಲ್ಲಿ ಚೆಸ್ ಚೆನ್ನಾಗಿ ಬೆಳೆದಿದೆ, 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ತೇಜ್‌ಕುಮಾರ್ ಅಲ್ಲಿಯವರೇ. ಹುಡುಗನಿಗೆ ಆಸಕ್ತಿ ಉಳಿದರೆ ಮುಂದೆ ನೋಡೋಣ. ಈ ನಾಲ್ಕು ನಡೆಯ ಮೇಟ್‌ಗೆ ಮದ್ದು ಮನೆಯಲ್ಲೇ ಇದೆ.

ಅವರೆಲ್ಲ ಗುರಿ ಇಡುವುದು ಎಫ್7 ಮನೆಗೆ. ಆಟ ಶುರುವಾದಾಗ ಆ ಮನೆಯನ್ನು ರಾಜ ಬಿಟ್ಟು ಬೇರೆ ಯಾರೂ ಕಾಯುವುದಿಲ್ಲ. ಬಿಳಿ ಇ4, ನಿಮ್ಮ ಮಗ ಇ5. ಬಿಳಿ ರಾಣಿ ಎಚ್5ಕ್ಕೆ ಬಂದ ಕೂಡಲೇ ಅವನು ಕುದುರೆಯನ್ನು ಸಿ6ಕ್ಕೆ ತರಲಿ, ಇ5ರ ಸೈನಿಕನಿಗೆ ಕಾವಲಾಯಿತು. ಒಂಟೆ ಸಿ4ಕ್ಕೆ ಬಂದಾಗ ಸೈನಿಕನನ್ನು ಜಿ6ಕ್ಕೆ ತಳ್ಳಲಿ. ರಾಣಿ ಎಫ್3ಕ್ಕೆ ಹಿಂದೆ ಸರಿದು ಮತ್ತೆ ಎಫ್7 ನೋಡುತ್ತಾಳೆ, ಆಗ ಇನ್ನೊಂದು ಕುದುರೆ ಎಫ್6ಕ್ಕೆ ಬಂದು ಅಡ್ಡ ನಿಲ್ಲಲಿ. ಜಿ6 ನಡೆಯನ್ನು ಅವಸರಪಟ್ಟು ಮೊದಲೇ ಆಡಬಾರದು, ಆಡಿದರೆ ರಾಣಿ ಇ5ರ ಸೈನಿಕನನ್ನು ಹೊಡೆದು ಚೆಕ್ ಕೊಟ್ಟು ಎಚ್8ರ ಆನೆಯನ್ನೂ ತಿನ್ನುತ್ತಾಳೆ. ಇದನ್ನು ನೀವೇ ಬಿಳಿ ಕಾಯಿ ಹಿಡಿದು ಅವನ ಜೊತೆ ಆಡಿಸಿ. ಒಂದು ಮಾತು ಮಾತ್ರ ಹೇಳಿ ಅವನಿಗೆ: ಬೇರೆಯವರಿಗೆ ಇದೇ ಮೇಟ್ ಕೊಡುವ ಅಭ್ಯಾಸ ಬೇಡ. ಉತ್ತರ ಗೊತ್ತಿದ್ದವರ ಎದುರು ರಾಣಿ ಸುಮ್ನೆ ಓಡಾಡಿ ಹೊತ್ತು ಹಾಳು.

ಪ್ರಶ್ನೆ: ನಿವೃತ್ತಿಯಾದ ಮೇಲೆ ಚೆಸ್ ಹಿಡಿದಿದ್ದೇನೆ. ಈ ವಯಸ್ಸಿನಲ್ಲಿ ಇಷ್ಟೆಲ್ಲ ನೆನಪಿಟ್ಟುಕೊಳ್ಳಲು ಆಗುತ್ತದೆಯೇ? ಜೊತೆಗೆ ನಮ್ಮ ತೋಟದ ಕಡೆ ಜೂನ್ ಬಂತೆಂದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ.
– ನಿವೃತ್ತ ಶಿಕ್ಷಕರು, ಸೋಮವಾರಪೇಟೆ

ಉತ್ತರ: ಖಂಡಿತ ಆಗುತ್ತದೆ ಸರ್. ನೆನಪಿನ ಬಗ್ಗೆ ಒಂದು ಪ್ರಸಿದ್ಧ ಪ್ರಯೋಗ ಇದೆ. ಅಮೆರಿಕದ ಸಂಶೋಧಕರಾದ ಚೇಸ್ ಮತ್ತು ಸೈಮನ್ 1973ರಲ್ಲಿ ಪ್ರಕಟಿಸಿದ್ದು. ನಿಜವಾದ ಆಟದ ಒಂದು ಸ್ಥಿತಿಯನ್ನು ಐದು ಸೆಕೆಂಡ್ ತೋರಿಸಿ ಮುಚ್ಚಿದರೆ, ಮಾಸ್ಟರ್ ಆಟಗಾರ ಹೆಚ್ಚು ಕಾಯಿಗಳನ್ನು ಸರಿಯಾಗಿ ಜೋಡಿಸಿದರು, ಹೊಸಬರಿಗೆ ಕೆಲವೇ ಕಾಯಿ ನೆನಪಾದವು. ಅದೇ ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟು ತೋರಿಸಿದಾಗ ಮಾಸ್ಟರ್‌ನ ಮೇಲುಗೈ ಬಹುತೇಕ ಹೋಯಿತು. ಅಂದರೆ ಅವರಿಗೆ ವಿಶೇಷ ನೆನಪಿನ ಶಕ್ತಿ ಏನಿರಲಿಲ್ಲ, ಗುರುತಿರುವ ಗುಂಪುಗಳು ಜಾಸ್ತಿ ಇದ್ದವು. ರಾಜ, ಮೂರು ಸೈನಿಕರು, ಪಕ್ಕದ ಆನೆ, ಇದು ಅವರಿಗೆ ಐದು ಕಾಯಿ ಅಲ್ಲ, ಒಂದೇ ಚಿತ್ರ. ನೀವು ಮಕ್ಕಳಿಗೆ ಅಕ್ಷರ ಕೂಡಿಸಿ ಓದಿಸಿದವರು, ಇದು ನಿಮಗೆ ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ನೆಟ್‌ವರ್ಕ್ ಇಲ್ಲದಿದ್ದರೆ ಇನ್ನೂ ಒಳ್ಳೆಯದೇ. ಮರದ ಬೋರ್ಡ್ ಮೇಲೆ ಮೇಟ್ ಆದ ಸ್ಥಿತಿಯನ್ನು ನೀವೇ ಜೋಡಿಸಿ, ಆಮೇಲೆ ಒಂದು ನಡೆ ಹಿಂದಕ್ಕೆ ಹೋಗಿ, ಇನ್ನೊಂದು ನಡೆ ಹಿಂದಕ್ಕೆ. ಒಂದು ಸೈನಿಕನನ್ನು ತೆಗೆದರೆ ಮೇಟ್ ಉಳಿಯುತ್ತದೆಯೇ, ಕುದುರೆಯ ಜಾಗದಲ್ಲಿ ಒಂಟೆ ಇದ್ದರೆ ಏನಾಗುತ್ತದೆ, ನೋಡಿ. ನೋಟ್‌ಬುಕ್‌ನಲ್ಲಿ ಪುಟಕ್ಕೆ ಒಂದರಂತೆ ಚಿತ್ರ ಬರೆದಿಡಿ. ಪರದೆ ಮೇಲೆ ಬೆರಳು ಆಡಿಸುವುದಕ್ಕಿಂತ ಕೈಯಿಂದ ಕಾಯಿ ಇಟ್ಟದ್ದು ಜಾಸ್ತಿ ದಿನ ಉಳಿಯುತ್ತದೆ ಅನ್ನುವುದು ನನ್ನ ಅನುಭವ.

ಪ್ರಶ್ನೆ: ಮೇಟ್ ಮಾದರಿ ಎಲ್ಲ ಕಲಿಯುವವರಿಗೆ ಸರಿ. ದೊಡ್ಡ ಆಟಗಾರರ ಆಟದಲ್ಲಿ ಮೇಟ್ ಆಗುವುದೇ ಇಲ್ಲವಲ್ಲ, ಮೊದಲೇ ಸೋಲು ಒಪ್ಪಿಕೊಳ್ಳುತ್ತಾರೆ. ಹಾಗಾದರೆ ಇದಕ್ಕೆ ಇಷ್ಟು ಸಮಯ ಕೊಡಬೇಕಾ?
– ಓದುಗರು, ಕುಶಾಲನಗರ

ಉತ್ತರ: ಅವರು ಒಪ್ಪಿಕೊಳ್ಳುವುದೇ ಮೇಟ್ ಕಾಣುವುದರಿಂದ. 2016ರ ನವೆಂಬರ್ 30ರಂದು ನ್ಯೂಯಾರ್ಕ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಟೈಬ್ರೇಕರ್. ಕಾರ್ಲ್‌ಸನ್ ಕೊನೆಗೆ ಕರ್ಯಾಕಿನ್ ಅವರ ರಾಜನ ಎದುರಿಗೇ, ಎಚ್6ರಲ್ಲಿ, ರಾಣಿ ತಂದಿಟ್ಟರು. ರಾಜ ಹೊಡೆದರೆ ಒಂದು ಆನೆಯಿಂದ ಮೇಟ್, ಸೈನಿಕ ಹೊಡೆದರೆ ಇನ್ನೊಂದು ಆನೆಯಿಂದ ಮೇಟ್. ಕರ್ಯಾಕಿನ್ ಅಲ್ಲೇ ಸೋಲೊಪ್ಪಿದರು, ಕಾರ್ಲ್‌ಸನ್ ಪಟ್ಟ ಉಳಿಸಿಕೊಂಡರು. ಆ ಎರಡೂ ಮೇಟ್ ಬೋರ್ಡ್ ಮೇಲೆ ಆಗಲೇ ಇಲ್ಲ, ಆದರೂ ಆಟವನ್ನು ಮುಗಿಸಿದ್ದು ಅವೇ.

ನಮ್ಮ ಮಟ್ಟದಲ್ಲಿ ಇದರ ಉಪಯೋಗ ಇನ್ನೂ ಜಾಸ್ತಿ. ಮೇಟ್ ಬೆದರಿಕೆಯಿಂದಲೇ ಎಷ್ಟೋ ಸಲ ಒಂದು ಆನೆಯೋ ಕುದುರೆಯೋ ಸಿಗುತ್ತದೆ, ಯಾಕೆಂದರೆ ಹಿಂದಿನ ಸಾಲು ಕಾಯುವ ಆನೆ ಜಾಗ ಬಿಟ್ಟು ಕದಲುವ ಹಾಗಿಲ್ಲ, ಅದು ಕಾಯುತ್ತಿದ್ದ ಇನ್ನೊಂದು ಕಾಯಿಯನ್ನು ನೀವು ಧೈರ್ಯವಾಗಿ ಹೊಡೆಯಬಹುದು. ಕಾಪಾಡಿಕೊಳ್ಳುವುದಕ್ಕೂ ಇದೇ ಬೇಕು. ಎಚ್ ಸೈನಿಕನನ್ನು ಒಂದು ಮನೆ ಮುಂದೆ ತಳ್ಳಿ ರಾಜನಿಗೆ ಕಿಟಕಿ ಮಾಡಿಕೊಟ್ಟೆ ಅಂತ ಎಲ್ಲರೂ ನೆಮ್ಮದಿಯಾಗಿ ಇರುತ್ತಾರೆ. ಆದರೆ ಎದುರಾಳಿಯ ಒಂಟೆ ಡಿ3ರಿಂದ ಎಚ್7ನ್ನೇ ನೋಡುತ್ತಿದ್ದರೆ ಆ ಕಿಟಕಿ ಮುಚ್ಚಿದ ಹಾಗೆಯೇ. ಅಂಥ ಹೊತ್ತಲ್ಲಿ ಜಿ ಸೈನಿಕನನ್ನು ಜಿ6ಕ್ಕೆ ತಂದರೆ ಒಂಟೆಯ ದಾರಿಗೂ ಅಡ್ಡ ಬೀಳುತ್ತದೆ, ಜಿ7 ಮನೆಯೂ ಖಾಲಿಯಾಗುತ್ತದೆ. ಆದರೆ ಹಾಗೆ ಮಾಡುವ ಮೊದಲು ಎಫ್6 ಮತ್ತು ಎಚ್6ರ ಮೇಲೆ ಎದುರಾಳಿಯ ಕುದುರೆಯೋ ರಾಣಿಯೋ ಬಂದು ಕೂರುವ ದಾರಿ ಇದೆಯಾ ಅಂತ ನೋಡಿಕೊಳ್ಳಿ, ಸೈನಿಕ ಜಿ6ಕ್ಕೆ ಬಂದ ಮೇಲೆ ಆ ಎರಡೂ ಮನೆಗಳಿಗೆ ಅವನ ಕಾವಲು ಇರುವುದಿಲ್ಲ.